ಕಿಟಕಿಯ ಮೇಜಿನಲ್ಲಿ ಕಾನೂನು ಓದಿದವಳು

ಟಾಬೋರ್ ಕ್ರೀಕ್, ನೆಬ್ರಾಸ್ಕಾ
ಅಕ್ಟೋಬರ್ ೧೯, ಶನಿವಾರ

ಪ್ರೀತಿಯ ಲೆನ್ನಿ ಅಣ್ಣಾ,

"ಎರಡು ಕಾನೂನು ಎರಡು ದಾರಿ ತೋರಿಸಿದರೆ, ಬಿಗಿಯಾದ ದಾರಿ ಹಿಡಿ." ಅಪ್ಪ ಹೇಳುತ್ತಿದ್ದದ್ದು ಹೀಗೇನಾ? ದೇಶದ ಕಾನೂನು ಒಂದು ಹೇಳಿ ನಮ್ಮ ರಾಜ್ಯದ ಕಾನೂನು ಇನ್ನೊಂದು ಹೇಳಿದಾಗ ಔಷಧಿ ಅಂಗಡಿಯವನು ಯಾವುದು ಹೆಚ್ಚು ಕಟ್ಟುನಿಟ್ಟೋ ಅದನ್ನೇ ಪಾಲಿಸಬೇಕು ಅಂತ ನನ್ನ ಪರೀಕ್ಷೆಯ ಪುಸ್ತಕದಲ್ಲೂ ಇದೆ. ಆದರೆ ಅಪ್ಪನ ಮಾತಿಗೆ ಇನ್ನೊಂದು ತುಣುಕು ಇತ್ತು ಅಂತ ಬೆಳಿಗ್ಗೆಯಿಂದ ಅನಿಸುತ್ತಿದೆ. "ಅದು ನಿನ್ನನ್ನು ಕಾಯುತ್ತದೆ" ಅಂತಲೋ, ಅಥವಾ "ಅದು ಯಾರನ್ನು ಕಾಯುತ್ತಿದೆ ನೋಡು" ಅಂತಲೋ. ಒಂದು ಅಂಗಡಿಯವನಿಗೆ ಹೇಳಿದ ಬುದ್ಧಿವಾದ, ಇನ್ನೊಂದು ಪೂರ್ತಿ ಬೇರೆಯೇ. ಕವಿತೆಯಾಗಿದ್ದರೆ ಹುಡುಕಿ ಪುಟ ತೆಗೆಯುತ್ತಿದ್ದೆ. ಅಪ್ಪನನ್ನು ಎಲ್ಲಿ ಹುಡುಕಲಿ? ನೀನು ನನಗಿಂತ ಹತ್ತು ವರ್ಷ ಹೆಚ್ಚು ಅವರ ಜೊತೆ ಕೌಂಟರಿನ ಹಿಂದೆ ನಿಂತವನು. ನಿನಗೆ ನೆನಪಿದ್ದರೆ ತಿಳಿಸು.

ಕ್ಷೇಮ ಕೇಳುವ ಮೊದಲೇ ಪ್ರಶ್ನೆ ಕೇಳಿಬಿಟ್ಟೆ. ನಿನ್ನ ಮೊಣಕಾಲು ಹೇಗಿದೆ? ಅರಿಝೋನಾದ ಒಣ ಹವೆಗೆ ನೋವು ಕಡಿಮೆಯಾಗುತ್ತದೆ ಅಂತ ಕಾನಿ ಅತ್ತಿಗೆ ವರ್ಷಗಟ್ಟಲೆ ಹೇಳುತ್ತಿದ್ದಳು, ಆಗಿದೆಯಾ? ಅತ್ತಿಗೆಯ ಸೀನು ನಿಂತಿತಾ? ಮೆಸಾದಲ್ಲಿ ಇನ್ನೂ ಬೇಸಿಗೆಯಂಥ ಬಿಸಿಲಂತೆ. ಇಲ್ಲಿ ಜೋಳದ ಕಟಾವು ಮುಗಿಯುತ್ತ ಬಂದಿದೆ, ಧಾನ್ಯ ಒಣಗಿಸುವ ಯಂತ್ರದ ಹೂಂಕಾರ ಊರ ತುಂಬ. ನಿನಗೆ ಈ ಸದ್ದು ಕೇಳದೆ ನಿದ್ದೆ ಬರುತ್ತಿರಲಿಲ್ಲ, ಈಗ ಹೇಗೆ ಮಲಗುತ್ತೀಯೋ. ಕೊಂಕಿಗೆ ಕೇಳಿದ್ದಲ್ಲ, ಅಣ್ಣಾ. ನಿಜವಾಗಿಯೂ ತಿಳಿಯಬೇಕು ಅನಿಸಿತು.

ನೀನು ಕಳಿಸಿದ ಕಾಗದ ಸೋಮವಾರ ತಲುಪಿತು. ಅಂಗಡಿ ಕೊಂಡ ಕಂಪನಿಯವರಿಗೆ ನನ್ನ ಸಹಿಯೂ ಬೇಕಂತೆ, ಈ ತಾಲೂಕಿನಲ್ಲಿ ನಾನು ಐದು ವರ್ಷ ಔಷಧಿ ಅಂಗಡಿ ತೆರೆಯುವುದಿಲ್ಲ, ಯಾರಾದರೂ ತೆರೆದರೆ ಅಲ್ಲಿ ಕೆಲಸಕ್ಕೂ ನಿಲ್ಲುವುದಿಲ್ಲ ಅಂತ. ನಾನು ಬರೆದುಕೊಟ್ಟ ಮೇಲೆಯೇ ನಿನಗೆ ಬರಬೇಕಾದ ಉಳಿದ ಭಾಗ ಬಿಡುಗಡೆಯಂತೆ. ಮೇಲೆ ಒಂದು ಹಳದಿ ಚೂರು ಅಂಟಿಸಿ "ಬರೀ ಶಾಸ್ತ್ರಕ್ಕೆ, ರೆನಿ, ಬೇಗ ಕಳಿಸು" ಎಂದು ಬರೆದಿದ್ದೀಯ. ಕಾಗದ ಸಕ್ಕರೆ ಡಬ್ಬದ ಕೆಳಗಿದೆ. ಇಲ್ಲಿಯ ಲೈಸೆನ್ಸಿಗಾಗಿ ನನ್ನ ಪರೀಕ್ಷೆ ಬರುವ ಮಂಗಳವಾರ, ಲಿಂಕನ್‌ನಲ್ಲಿ. ಪರೀಕ್ಷೆಯೂ ಕಾಗದವೂ ಒಂದೇ ವಾರಕ್ಕೆ ಬಂದು ಕೂತಿವೆ. ಒಂದನ್ನು ಮಾಡಿದರೆ ಇನ್ನೊಂದಕ್ಕೆ ಅರ್ಥವಿಲ್ಲ.

ಮುಂದೆ ಬರೆಯುವುದರಲ್ಲಿ ಹೆಚ್ಚಿನದು ನಿನಗೆ ಗೊತ್ತಿರುವುದೇ. ನಾನು ಕೂತಿದ್ದ ಜಾಗದಿಂದ ಅದು ಹೇಗೆ ಕಂಡಿತು ಅನ್ನುವುದು ಮಾತ್ರ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ಕೇಳು.

ಫೆಬ್ರವರಿಯಲ್ಲಿ ನೀನು ಫೋನ್ ಮಾಡಿದಾಗ ನಾನು ಡೆ ಮೊಯಿನ್‌ನ ಆಸ್ಪತ್ರೆಯಲ್ಲಿ, ಕಿಟಕಿಯಿಲ್ಲದ ಔಷಧಿ ಕೋಣೆಯಲ್ಲಿ ನಿಂತಿದ್ದೆ. ಸ್ನಾತಕೋತ್ತರ ಪದವಿ, ಇಪ್ಪತ್ತು ಚಿಲ್ಲರೆ ವರ್ಷದ ಕೆಲಸ, ಮನೆಗೆ ಹೋದರೆ ಒಂದು ದೀಪ ಮತ್ತು ಒಂದು ಕವನ ಸಂಕಲನ. ವಿಚ್ಛೇದನದ ನಂತರ ನನ್ನ ಬದುಕು ಅಷ್ಟೇ ಇತ್ತು, ಅದು ಸಾಕು ಅಂತಲೂ ಅಂದುಕೊಂಡಿದ್ದೆ. ನೀನು ಅಂದೆ: "ನನ್ನ ಕಾಲು ಹೋಯ್ತು ಕಣೇ. ಅಪ್ಪನ ಅಂಗಡಿ ಹೊರಗಿನವರ ಕೈಗೆ ಹೋಗ್ಬಾರ್ದು. ನೀನು ಬಂದು ಇಲ್ಲಿಯ ಲೈಸೆನ್ಸ್ ತಗೋ, ಬೀಗದ ಕೈ ನಿನ್ನ ಕೈಲಿಡ್ತೀನಿ." ಬೇರೆ ರಾಜ್ಯದ ಲೈಸೆನ್ಸ್ ಇರುವವಳು ಇಲ್ಲಿ ಔಷಧಿ ಕೊಡಬೇಕಾದರೆ ಇಲ್ಲಿಯ ಕಾನೂನು ಪರೀಕ್ಷೆ ಒಂದನ್ನು ಪಾಸು ಮಾಡಬೇಕು, ಅಷ್ಟೇ ತಾನೇ. ನಾನು ಒಂದು ರಾತ್ರಿಯೂ ಯೋಚಿಸಲಿಲ್ಲ. ಕರೆದವನು ಅಣ್ಣ. ಕೆಲಸ ಬಿಟ್ಟೆ, ಮನೆ ಖಾಲಿ ಮಾಡಿದೆ, ಪುಸ್ತಕಗಳನ್ನು ಕಾರಿನ ಹಿಂದೆ ತುಂಬಿ ನದಿ ದಾಟಿ ಬಂದೆ. ಅಮ್ಮ ಹೋದ ಮೇಲೆ ಬೀಗ ಹಾಕಿದ್ದ ಮನೆಯ ಬಾಗಿಲನ್ನು ನೀನೇ ತೆರೆದುಕೊಟ್ಟೆ.

ಓದುವುದಕ್ಕೆ ನಾನು ಕೇಳಿದ್ದು ಅಂಗಡಿಯ ಹಿಂದಿನ ಉಗ್ರಾಣದ ಮೂಲೆ. ನೀನು ಕೊಟ್ಟದ್ದು ಮುಂದಿನ ಕಿಟಕಿಯ ಪಕ್ಕದ ಮೇಜು, ಎಮಿಲ್ ಮತ್ತವನ ಸಂಗಡಿಗರು ಕಾಫಿ ಕುಡಿದು ಇಸ್ಪೀಟು ಆಡುವ ಜಾಗ. ಗದ್ದಲದಲ್ಲಿ ತಲೆಗೆ ಹತ್ತುವುದಿಲ್ಲ ಅಂದರೆ, "ಜನ ನಿನ್ನನ್ನ ನೋಡ್ಬೇಕು, ನಿನ್ನ ಮುಖ ಅವರಿಗೆ ಅಭ್ಯಾಸ ಆಗ್ಬೇಕು" ಅಂದೆ. ಎಷ್ಟು ಸರಿಯಾದ ಮಾತು ಅಂದುಕೊಂಡೆ. ಹೊಸ ಫಾರ್ಮಸಿಸ್ಟನ್ನು ನಂಬುವುದಕ್ಕೆ ನಮ್ಮೂರಿಗೆ ಎರಡು ಸುಗ್ಗಿಯಾದರೂ ಬೇಕು.

ಹಾಗೆ ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಆ ಕಿಟಕಿಯಲ್ಲಿ ಕೂತೆ. ಕಾನೂನಿನ ಭಾಷೆ ನನಗೆ ಮೊದಮೊದಲು ಕಲ್ಲು ಅಗಿದ ಹಾಗಿತ್ತು. ಆಮೇಲೆ ಅದರಲ್ಲೂ ಒಂದು ಲಯ ಕೇಳಿಸಿತು. "ಹೊರತು", "ಆದಾಗ್ಯೂ", "ಮೇಲೆ ಹೇಳಿದ್ದನ್ನು ಬಿಟ್ಟು": ಒಂದು ವಾಕ್ಯದ ಇಡೀ ಭಾರ ಆ ಸಣ್ಣ ಪದಗಳ ಮೇಲೆ ನಿಂತಿರುತ್ತದೆ, ಒಳ್ಳೆಯ ಕವಿತೆಯಲ್ಲಿ ನಿಲ್ಲುವ ಹಾಗೆ. ಎಮಿಲ್‌ಗೆ ನನ್ನನ್ನು "ವಕೀಲಮ್ಮ" ಅಂತ ಕರೆಯುವುದೇ ಒಂದು ಖುಷಿ. ಪುಸ್ತಕ ಕಸಿದುಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ ಪ್ರಶ್ನೆ ಹಾಕುತ್ತಿದ್ದ. "ವಕೀಲಮ್ಮ, ನನ್ನ ನಾಯೀಗೆ ಬರೆದುಕೊಟ್ಟ ಮಾತ್ರೇನ ನನ್ನ ಹೆಂಡ್ತಿಗೆ ಹಾಕಬಹುದಾ? ಇಬ್ರದ್ದೂ ಒಂದೇ ಸ್ವಭಾವ." ನಾನು ಆಗುವುದಿಲ್ಲ ಅಂದರೆ, "ನಾಯಿಗೆ ಮೋಸ ಅಂತಲಾ?" ಅನ್ನುತ್ತಿದ್ದ. ಇಡೀ ಮೇಜು ನಗುತ್ತಿತ್ತು, ಕೌಂಟರಿನ ಹಿಂದಿನಿಂದ ನೀನೂ ನಗುತ್ತಿದ್ದೆ. ಆ ನಗುವನ್ನು ಈಗ ಮತ್ತೆ ಮತ್ತೆ ತಿರುಗಿಸಿ ನೋಡುತ್ತೇನೆ. ಅದರಲ್ಲಿ ಏನೂ ಸಿಗುವುದಿಲ್ಲ. ನಗುವಿನ ಹಾಗೇ ಇದೆ.

ಬೇಸಿಗೆಯಲ್ಲಿ ಊರಲ್ಲಿ ಗುಸುಗುಸು ಎದ್ದಿತಲ್ಲ, ಅಂಗಡಿ ಮಾರಾಟಕ್ಕಿದೆ ಅಂತ. ಹೆದ್ದಾರಿಯಾಚೆಯ ಊರಿನಲ್ಲಿ ದೊಡ್ಡ ಮಳಿಗೆ ಇಟ್ಟಿರುವ ಕಂಪನಿಯ ಕಾರನ್ನು ಯಾರೋ ನಿನ್ನ ಮನೆ ಮುಂದೆ ನೋಡಿದ್ದರು. ಆಗ ಪಕ್ಕದ ಮನೆ ಅಲ್ಬೀನಜ್ಜಿ ಬಂದು ನನ್ನ ಎದುರು ಕೂತಳು. ಗಸಗಸೆ ಹೂರಣದ ಕೊಲಾಚಿ ಬನ್ನು ತಂದಿದ್ದಳು, ತಟ್ಟೆಯ ಮೇಲಿನ ಬಟ್ಟೆ ತೆಗೆಯಲೇ ಇಲ್ಲ. ಅವಳ ಮಗಳು ಒಮಾಹಾದಿಂದ ಅವಳ ಔಷಧಿಯನ್ನೆಲ್ಲ ಅಂಚೆಯಲ್ಲಿ ತರಿಸುವ ಏರ್ಪಾಟು ಮಾಡಿದ್ದಳಂತೆ, ಅಂಗಡಿ ಹೋಗುವುದಾದರೆ ಈಗಲೇ ಒಪ್ಪಿಕೊಳ್ಳಬೇಕು, ತಾನು ಕಾರು ಓಡಿಸುವುದು ಬಿಟ್ಟು ಎಷ್ಟೋ ಕಾಲವಾಯಿತು, ಹೃದಯದ ಮಾತ್ರೆ ಒಂದು ದಿನವೂ ತಪ್ಪುವ ಹಾಗಿಲ್ಲ ಅಂದಳು. "ಲೆನ್ನೀನ ಕೇಳಿದ್ರೆ ಹವಾಮಾನದ ಮಾತಾಡ್ತಾನೆ. ನೀನು ಹೇಳು" ಅಂದಳು. ನಾನು ಪುಸ್ತಕ ಎತ್ತಿ ತೋರಿಸಿದೆ. "ಅಂಗಡಿ ಮಾರೋದಾದ್ರೆ ನಾನ್ಯಾಕೆ ಇದನ್ನ ಓದ್ತಾ ಕೂರ್ತಿದ್ದೆ ಅಜ್ಜಿ? ನಿನ್ನ ಮಾತ್ರೆ ನನ್ನ ಜವಾಬ್ದಾರಿ." ಅವಳು ತಟ್ಟೆಯ ಬಟ್ಟೆ ತೆಗೆದಳು. ಅವತ್ತೇ ಮಗಳಿಗೆ ಫೋನ್ ಮಾಡಿ ಅಂಚೆಯ ಏರ್ಪಾಟು ಬೇಡ ಅಂದಳಂತೆ. ನಾನು ಹೇಳಿದ್ದು ಅವಳೊಬ್ಬಳಿಗಾದರೂ ಕೇಳಿಸಿಕೊಂಡದ್ದು ಇಡೀ ಇಸ್ಪೀಟಿನ ಮೇಜು. ಎಮಿಲ್ ಅದನ್ನು ಧಾನ್ಯದ ಮಂಡಿಗೆ ಒಯ್ದ, ಅಲ್ಲಿಂದ ಚರ್ಚಿಗೆ ಹೋಯಿತು. ಗುಸುಗುಸು ನಿಂತಿತು. ನೀನು ಆ ಸಂಜೆ ನನ್ನ ಹೆಗಲು ತಟ್ಟಿದೆ.

ಇನ್ನು ಬೀಗದ ಕಪಾಟಿನ ಸಂಜೆ. ಸೆಪ್ಟೆಂಬರಿನಲ್ಲಿ ನಾನು ಪರೀಕ್ಷೆಯ ತಯಾರಿಗೆಂದು ಒಮಾಹಾದ ತರಬೇತಿಗೆ ಹೊರಡುವ ಹಿಂದಿನ ದಿನ, ಅಂಗಡಿ ಮುಚ್ಚಿದ ಮೇಲೆ, ಬಲವಾದ ನೋವಿನ ಮಾತ್ರೆಗಳ ಕಪಾಟು ತೆರೆದು ನೀನು ನನ್ನನ್ನು ಕರೆದೆ. "ಪರೀಕ್ಷೇಲಿ ಇದನ್ನ ಕೇಳೇ ಕೇಳ್ತಾರೆ. ಬಾ, ಕೈಯಾರೆ ಎಣಿಸು, ಮರೆಯಲ್ಲ." ನಾನು ತಟ್ಟೆಯಲ್ಲಿ ಮಾತ್ರೆ ಸುರಿದು ಐದೈದಾಗಿ ಸರಿಸಿದೆ, ನೀನು ಬರೆದುಕೊಂಡೆ. ಅಪ್ಪ ಹುರುಳಿಕಾಯಿ ಬೀಜ ಸುರಿದು ನಮಗೆ ಐದೈದು ಎಣಿಸುವುದನ್ನು ಕಲಿಸಿದ್ದು ನೆನಪಾಗಿ ನಾವಿಬ್ಬರೂ ಅಡುಗೆಮನೆಯ ಆ ಹಳೆಯ ಮೇಜಿನ ಮಾತಾಡಿದೆವು. ನೀನು ಗೆಲ್ಲುವುದಕ್ಕೆ ಬೀಜ ಬಾಯಿಗೆ ಹಾಕಿಕೊಂಡು ನನ್ನ ಲೆಕ್ಕ ತಪ್ಪಿಸುತ್ತಿದ್ದೆ ಅಂದೆ, ನೀನು ನಕ್ಕೆ. ಈ ಊರಿಗೆ ಬಂದ ಮೇಲೆ ನಾನು ಅಷ್ಟು ಸುಖವಾಗಿ ಕಳೆದ ಸಂಜೆ ಇನ್ನೊಂದಿಲ್ಲ. ಆ ಎಣಿಕೆ ಯಾವಾಗ ಯಾವಾಗ ಮಾಡಬೇಕು ಅನ್ನುವ ಅಧ್ಯಾಯವನ್ನು ನಾನು ಇನ್ನೂ ಓದಿರಲಿಲ್ಲ. ಆಮೇಲೆ ಓದಿದೆ. ಅಂಗಡಿ ಕೈ ಬದಲಾಗುವಾಗ ಮಾಡಬೇಕು ಅಂತಿದೆ. ಈ ವರ್ಷದ ಮಾಮೂಲಿ ಎಣಿಕೆಯನ್ನು ನೀನು ವಸಂತದಲ್ಲೇ ಮುಗಿಸಿದ್ದೆ ಅಂತ ನಿನ್ನ ಸಹಾಯಕಿ ಡಾರ್ಲಾ ಹೇಳಿದಳು. ಅಣ್ಣಾ, ನೀನು ಮಾರಿದೆ ಅನ್ನುವುದಕ್ಕಿಂತ, ಮಾರಾಟದ ಎಣಿಕೆಯನ್ನು ನನ್ನ ಕೈಯಲ್ಲೇ ಮಾಡಿಸಿದೆ ಅನ್ನುವುದು ನನ್ನನ್ನು ಹೆಚ್ಚು ಚುಚ್ಚುತ್ತಿದೆ.

ತರಬೇತಿ ಮುಗಿಸಿ ಬರುವಾಗ ನಿನಗಾಗಿ ಬೇಕರಿಯಿಂದ ರೈ ರೊಟ್ಟಿ ತಂದಿದ್ದೆ. ಊರೊಳಗೆ ತಿರುಗಿದರೆ ಅಂಗಡಿಯ ದೀಪವಿಲ್ಲ. ಬಾಗಿಲಿಗೆ ಕಂಪನಿಯ ಹೆಸರಿನ ಹಾಳೆ: ನಿಮ್ಮೆಲ್ಲರ ಔಷಧಿಯ ದಾಖಲೆ ಹೆದ್ದಾರಿಯಾಚೆಯ ನಮ್ಮ ಮಳಿಗೆಗೆ ಬಂದಿದೆ, ಅಲ್ಲಿಗೇ ಬನ್ನಿ, ನಿಮ್ಮ ನಂಬಿಕೆಗೆ ಧನ್ಯವಾದ. ಹೀಗೆಯೇ ನಡೆಯುತ್ತದೆ ಅಂತ ನನಗೆ ಗೊತ್ತು, ಎಲ್ಲ ಸಣ್ಣ ಅಂಗಡಿಗಳೂ ಹೀಗೇ ಹೋಗುತ್ತವೆ. ಕೊಳ್ಳುವವರಿಗೆ ಗೋಡೆಯೂ ಬೇಡ, ಕಪಾಟೂ ಬೇಡ. ಬೇಕಾದದ್ದು ಗಿರಾಕಿಗಳು ಮಾತ್ರ. ಮೊದಲೇ ತಿಳಿದರೆ ಗಿರಾಕಿಗಳು ಚದುರುತ್ತಾರೆ, ಹಾಗಾಗಿ ಕೊನೆಯ ದಿನದವರೆಗೂ ಯಾರೂ ಬಾಯಿ ಬಿಡುವುದಿಲ್ಲ. ಬೇರೆ ಊರುಗಳಲ್ಲಿ ಹೀಗಾದದ್ದನ್ನು ಕೇಳಿದಾಗ ಪಾಪ ಅಂದಿದ್ದೆ, ಅಷ್ಟೇ. ಫೋನ್ ಮಾಡಿದರೆ ನೀನು ಆಗಲೇ ಕೊಲೊರಾಡೋ ದಾಟುತ್ತಿದ್ದೆ. ನನಗೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಿನಗೆ ಹೇಳಿದ್ರೆ ನೀನು ಅಲ್ಬೀನಾಗೆ ಹೇಳ್ತಿದ್ದೆ" ಅಂದೆ. ಹೌದು, ಹೇಳುತ್ತಿದ್ದೆ. ನನ್ನನ್ನು ನೀನು ಅಷ್ಟು ಚೆನ್ನಾಗಿ ಬಲ್ಲೆ. ಬಲ್ಲವನಾದ್ದರಿಂದಲೇ ಕಿಟಕಿಯಲ್ಲಿ ಕೂರಿಸಿದೆ.

ಇದು ನನ್ನ ಊಹೆಯಲ್ಲ. ನಿನ್ನ ಜೊತೆ ಇಪ್ಪತ್ತು ವರ್ಷ ದುಡಿದ ಡಾರ್ಲಾ ಹೇಳಿದ್ದು. ಅವಳಿಗೂ ನೀನು ಅವತ್ತು ಬೆಳಿಗ್ಗೆ ಅಂಗಡಿ ತೆರೆದ ಮೇಲೆಯೇ ಹೇಳಿದೆಯಂತೆ, ಅವಳ ಕೈಯಲ್ಲಿ ಇನ್ನೂ ಊಟದ ಡಬ್ಬ ಇತ್ತಂತೆ. ಕಂಪನಿಯ ಮನುಷ್ಯ ಕಂಪ್ಯೂಟರ್ ಬಿಚ್ಚುತ್ತ ನಿನಗೆ ಶಹಬ್ಬಾಸ್ ಹೇಳಿದನಂತೆ: "ಒಬ್ಬ ಗಿರಾಕೀನೂ ಜಾರಿಲ್ಲ ಲೆನ್ನಿ. ತಂಗೀನ ಕಿಟಕೀಲಿ ಕೂರಿಸಿ ಓದಿಸಿದ್ದು ಸಖತ್ ಉಪಾಯ." ನೀನು ಬೀಗದ ಕೈಗಳನ್ನು ಅವನ ಅಂಗೈಗೆ ಹಾಕಿದೆಯಂತೆ. ಡಾರ್ಲಾ ನನಗೆ ಇದನ್ನು ಹೇಳುವಾಗ ಮುಖ ನೋಡಲಿಲ್ಲ. "ನಿಂಗೂ ಗೊತ್ತಿತ್ತು ಅಂದ್ಕೊಂಡೆ, ರೆನಾಟಾ. ಒಂದು ವಾರ ನಿನ್ನನ್ನ ಮನಸಾರೆ ಬೈದೆ" ಅಂದಳು. ಅವಳು ಈಗ ಶಾಲೆಯ ಅಡುಗೆಮನೆಯಲ್ಲಿದ್ದಾಳೆ.

ಊರಿನ ಸುದ್ದಿ ಇಷ್ಟು. ಎಮಿಲ್ ಹೆಂಡತಿಯ ಔಷಧಿಗೆ ಹೆದ್ದಾರಿಯಾಚೆ ಹೋಗಿಬರುತ್ತಾನೆ, ಅಲ್ಲಿ ಕಾರಿನ ಸಾಲಿನಲ್ಲಿ ನಿಂತು ಗಾಜಿನ ಕಿಂಡಿಗೆ ಹುಟ್ಟಿದ ದಿನಾಂಕ ಕೂಗಬೇಕಂತೆ. ಅವನು ಹಾದಿಯಲ್ಲಿ ಸಿಕ್ಕರೆ ಟೋಪಿ ಮುಟ್ಟುತ್ತಾನೆ, ವಕೀಲಮ್ಮ ಅನ್ನುವುದಿಲ್ಲ. ಅದಕ್ಕೆ ಬದಲು ಬೈದಿದ್ದರೆ ಚೆನ್ನಾಗಿತ್ತು. ಅಲ್ಬೀನಜ್ಜಿಯ ಮಗಳು ಮತ್ತೆ ಅಂಚೆಯ ಏರ್ಪಾಟಿಗೆ ಬರೆದಿದ್ದಾಳೆ. ಅದು ಕೂಡಿ ಬರುವವರೆಗೆ ಅವಳ ಮಾತ್ರೆ ಯಾರು ಆ ಕಡೆ ಹೋಗುತ್ತಾರೋ ಅವರ ಕೈಯಲ್ಲಿ ಬರಬೇಕು. ನಾನು ತಂದುಕೊಡುತ್ತೇನೆ ಅಂತ ಹೋದಾಗ ಅವಳು ಬಾಗಿಲ ಸಂದಿಯಿಂದಲೇ, ಬೇಡ, ಪಾದ್ರಿಗಳು ಹೋಗುತ್ತಾರೆ ಅಂದಳು. ಎರಡು ಮನೆಗಳ ನಡುವೆ ಬೇಲಿಯೂ ಇಲ್ಲದ ಜಾಗದಲ್ಲಿ ಅವಳ ಅಡುಗೆಮನೆಯ ಪರದೆ ಒಂದು ತಿಂಗಳಿಂದ ಇಳಿದಿದೆ. ಚಿಕ್ಕವಳಿದ್ದಾಗ ಅಮ್ಮ ಬೈದರೆ ನಾನು ಓಡುತ್ತಿದ್ದದ್ದು ಆ ಅಡುಗೆಮನೆಗೆ. ನೀನು ಊರಿಗೆ ಹೇಳಿದ ಸುಳ್ಳನ್ನು ಊರು ಕೇಳಿದ್ದು ನನ್ನ ದನಿಯಲ್ಲಿ. ಅದು ನಿಜ ಅಂತ ನಾನು ನಂಬಿದ್ದೆ ಅಂದರೆ ಅವಳ ಮಾತ್ರೆ ಡಬ್ಬಿ ತುಂಬುತ್ತದೆಯೇ?

ನಿನ್ನ ಮೊಣಕಾಲು ನಿಜ, ದಣಿವೂ ನಿಜ ಅಂತ ನನಗೆ ಗೊತ್ತು. ಮೂವತ್ತು ವರ್ಷ ಹಬ್ಬದ ದಿನವೂ ಎದ್ದು ಹೋಗಿ ಯಾರದೋ ಮಗುವಿನ ಜ್ವರಕ್ಕೆ ಬಾಗಿಲು ತೆರೆದವನು ನೀನು. ಮಾರುವ ಹಕ್ಕು ನಿನಗಿತ್ತು, ವ್ಯಾಪಾರ ನಿನ್ನದೇ, ನಮ್ಮಿಬ್ಬರಿಗೂ ಸೇರಿದ್ದು ಕಟ್ಟಡ ಮಾತ್ರ. ಕೇಳಿದ್ದರೆ, ಮಾರು ಅಣ್ಣಾ, ಹೋಗಿ ಬಿಸಿಲು ಕಾಯಿಸಿಕೋ ಅನ್ನುತ್ತಿದ್ದೆ. ಡೆ ಮೊಯಿನ್‌ನಲ್ಲೇ ಇದ್ದು, ಅಪ್ಪನ ಅಂಗಡಿ ಹೋಯಿತಲ್ಲ ಅಂತ ಒಂದು ಸಂಜೆ ಅತ್ತು ಸುಮ್ಮನಾಗುತ್ತಿದ್ದೆ.

ಆದರೂ ಪುಸ್ತಕ ಮುಚ್ಚಿಲ್ಲ. ಯಾಕೆ ಅಂತ ನನಗೇ ತಿಳಿಯದೆ ದಿನಾ ಓದುತ್ತಿದ್ದೇನೆ, ಈಗ ಅಮ್ಮನ ಅಡುಗೆ ಮೇಜಿನಲ್ಲಿ, ಕಿಟಕಿಗೆ ಬೆನ್ನು ಮಾಡಿ. ನಿನ್ನ ಕಾಗದವನ್ನೂ ಆಗಾಗ ಸಕ್ಕರೆ ಡಬ್ಬದ ಕೆಳಗಿಂದ ತೆಗೆದು ನೋಡುತ್ತೇನೆ. ಸಹಿ ಮಾಡಿದರೆ ನಿನ್ನ ಮನೆಯ ಸಾಲ ತೀರುತ್ತದೆ, ಅತ್ತಿಗೆಯ ನಿದ್ದೆ ಗಟ್ಟಿಯಾಗುತ್ತದೆ, ನಾವಿಬ್ಬರು ಮುಂದಿನ ಕ್ರಿಸ್‌ಮಸ್‌ಗೆ ಒಂದೇ ಮೇಜಿನಲ್ಲಿ ಕೂರಬಹುದು. ಒಡಹುಟ್ಟಿದವರ ನಡುವೆಯೂ ಒಂದು ಕಾನೂನಿದೆ, ಅದು ಬಿಟ್ಟುಕೊಡು ಅನ್ನುತ್ತದೆ. ಇನ್ನೊಂದು ಏನನ್ನುತ್ತದೆ ಅಂತ ಕೇಳಿಸಿಕೊಳ್ಳಲು ಧೈರ್ಯ ಸಾಲದು. ನಾಲ್ಕು ಉತ್ತರ ಕೊಟ್ಟು ಸರಿಯಾದವನ್ನೆಲ್ಲ ಆರಿಸು ಅನ್ನುವ ಪ್ರಶ್ನೆಗಳಿರುತ್ತವಲ್ಲ, ಅವಕ್ಕೆ ನಾನು ಯಾವಾಗಲೂ ಒಂದು ಕಡಿಮೆಯೇ ಗುರುತು ಹಾಕುವುದು. ಈ ರಾತ್ರಿ ಕಳೆದು ನಾಳೆ ಚರ್ಚಿನಿಂದ ಬಂದ ಮೇಲೆ ತೀರ್ಮಾನ ಮಾಡಿದರಾಯಿತು ಅಂತ ಇಟ್ಟಿದ್ದೇನೆ. ಬಹುಶಃ ಸಹಿ ಮಾಡುತ್ತೇನೆ. ದ್ವೇಷ ಹೊತ್ತು ನಡೆಯುವಷ್ಟು ಶಕ್ತಿ ನನ್ನಲ್ಲಿಲ್ಲ.

ಬಿಸಿಲಲ್ಲಿ ಟೋಪಿ ಇಲ್ಲದೆ ಓಡಾಡಬೇಡ, ರಕ್ತದೊತ್ತಡದ ಮಾತ್ರೆಯನ್ನು ನೀನೇ ಮರೆಯಬೇಡ. ಅತ್ತಿಗೆಗೆ ನನ್ನ ನೆನಪು ತಿಳಿಸು. ಎಲ್ಲಿದ್ದರೂ ನಿಮಗಿಬ್ಬರಿಗೂ ಒಳ್ಳೆಯದಾಗಲಿ, ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ರೆನಾಟಾ

ಮ.ಬ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಿನ್ನ ಕಾಗದವನ್ನು ಇದರ ಜೊತೆ ಹಿಂದಕ್ಕೆ ಕಳಿಸುತ್ತಿದ್ದೇನೆ, ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. ಮಂಗಳವಾರ ಲಿಂಕನ್‌ಗೆ ಹೋಗುತ್ತೇನೆ. ಪಾಸಾದರೆ ಅಪ್ಪನ ಕಟ್ಟಡದಲ್ಲಿ ನನ್ನ ಪಾಲನ್ನು ಬಳಸಿಕೊಂಡು ಮತ್ತೆ ಔಷಧಿ ಅಂಗಡಿ ತೆರೆಯುತ್ತೇನೆ, ನಿನಗೆ ಅದರಿಂದ ಆಗುವ ನಷ್ಟಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಲಕೋಟೆ ಅಂಟಿಸಿದ ಹಿಂದೆಯೇ ಬಾಗಿಲು ಬಡಿದ ಸದ್ದಾಗಿತ್ತು. ಅಲ್ಬೀನಜ್ಜಿ. ಏಪ್ರನ್ನಿನ ಜೇಬಿನಲ್ಲಿ ಖಾಲಿ ಮಾತ್ರೆ ಡಬ್ಬಿ, ಅದರ ಮೇಲೆ ಇನ್ನೂ ನಮ್ಮ ಅಂಗಡಿಯ ಚೀಟಿ. ಒಳಗೆ ಬಾ ಅಂದೆ, ಹೊಸ್ತಿಲು ದಾಟಲಿಲ್ಲ. ಡಬ್ಬಿಯನ್ನು ನನ್ನ ಕೈಗಿಟ್ಟಳು, ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೇಳಿದಳು: "ಅಂಗಡಿ ಮಾರಿದಾನೆ, ಸರಿ. ಅವತ್ತು ನಂಗೆ ನೀನು ಕೊಟ್ಟ ಮಾತೂ ಆ ಮಾರಾಟದಲ್ಲಿ ಸೇರಿತ್ತೇನೇ ಹುಡುಗಿ?"